ಕರುಳಿನ ಗೋಡೆಯ ಕಾವಲುಗಾರರು ಮತ್ತು ಅಲ್ಲಿನ ನಿವಾಸಿಗಳು

ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯಲ್ಲಾಗಲಿ ಬೆಂಗಳೂರಿನ ಬಡಾವಣೆಯೊಂದರಲ್ಲಾಗಲಿ, ಮಗುವಿಗೆ ಆರು ವಾರ ತುಂಬಿದಾಗ ಅದರ ಬಾಯಿಗೆ ಎರಡು ಲಸಿಕೆಗಳನ್ನು ಹಾಕುತ್ತಾರೆ. ಒಂದು ಪೋಲಿಯೊ ಹನಿ, ಇನ್ನೊಂದು ರೋಟಾವೈರಸ್ ಲಸಿಕೆ. ಹತ್ತನೆಯ ವಾರ ಮತ್ತು ಹದಿನಾಲ್ಕನೆಯ ವಾರ ಮತ್ತೆ ಅವೇ. ಎರಡರಲ್ಲಿಯೂ ಇರುವುದು ಬಲಗುಂದಿದ, ಆದರೆ ಜೀವಂತ ವೈರಸ್ಸುಗಳು. ಅವು ಕರುಳಿನ ಗೋಡೆಯಲ್ಲಿ ಕೆಲಕಾಲ ನೆಲೆಸಿ, ಅಷ್ಟಿಷ್ಟು ವೃದ್ಧಿಯಾಗಿ, ಅಲ್ಲಿರುವ ರಕ್ಷಕ ಕೋಶಗಳನ್ನು ಎಚ್ಚರಿಸಬೇಕು. ಆಗ ಮಾತ್ರ ಲಸಿಕೆ ಫಲಿಸಿದಂತೆ.

ಇಲ್ಲೊಂದು ತೊಡಕಿದೆ. ಫಿನ್ಲೆಂಡ್, ಅಮೆರಿಕದಂಥ ದೇಶಗಳಲ್ಲಿ ರೋಟಾವೈರಸ್ ಲಸಿಕೆಗಳು ತೀವ್ರ ಭೇದಿಯಿಂದ ನೂರಕ್ಕೆ 85ಕ್ಕೂ ಹೆಚ್ಚಿನ ರಕ್ಷಣೆ ಕೊಡುತ್ತವೆ. ನಮ್ಮ ದೇಶದಲ್ಲಿ, ಆಫ್ರಿಕದಲ್ಲಿ ಆ ಪ್ರಮಾಣ ಅರ್ಧದ ಆಸುಪಾಸು. ಶೀತಲ ಪೆಟ್ಟಿಗೆಯಲ್ಲಿ ಜೋಪಾನವಾಗಿ ಬಂದ ಲಸಿಕೆಯೂ ಹೀಗೆಯೇ ವರ್ತಿಸುತ್ತದೆ. ಹಾಗಾದರೆ ವ್ಯತ್ಯಾಸ ಇರುವುದು ಸೀಸೆಯಲ್ಲಿ ಅಲ್ಲ, ಕರುಳಿನಲ್ಲಿ. ಕರುಳಿನ ಗೋಡೆಯ ರಕ್ಷಕ ಕೋಶಗಳಿಗೂ ಅಲ್ಲಿ ಸದಾ ವಾಸಿಸುವ ಬ್ಯಾಕ್ಟೀರಿಯಾಗಳಿಗೂ ಇರುವ ಸಂಬಂಧವನ್ನು ಅರಿಯದೆ ಈ ಒಗಟನ್ನು ಬಿಡಿಸಲಾಗದು. ಆ ಅರಿವು ಬಂದ ಬಗೆಯಲ್ಲಿ ದಕ್ಷಿಣ ಭಾರತದ ಪಾಲೂ ಇದೆ. ಅದು ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಗ್ರಂಥಿಗಳೆಂದು ತಿಳಿದದ್ದು

ಸ್ವಿಟ್ಜರ್ಲೆಂಡಿನ ಷಾಫ್‌ಹೌಸನ್ ಎಂಬ ಊರಿನ ವೈದ್ಯ ಯೋಹಾನ್ ಕಾನ್ರಾಡ್ ಪೇಯರ್ 1677ರಲ್ಲಿ ಸಣ್ಣ ಕರುಳಿನ ಒಳಮೈಯಲ್ಲಿ ಅಲ್ಲಲ್ಲಿ ಕಾಣುವ ಉಬ್ಬು ತೇಪೆಗಳನ್ನು ವಿವರಿಸಿದ. ಅವು ಜೀರ್ಣರಸ ಸ್ರವಿಸುವ ಗ್ರಂಥಿಗಳಿರಬೇಕೆಂದು ಆತ ಭಾವಿಸಿದ್ದ. ಪೇಯರ್ ತೇಪೆಗಳೆಂಬ ಹೆಸರು ಉಳಿಯಿತು. ಅವುಗಳ ಕೆಲಸವೇನೆಂದು ತಿಳಿಯಲು ಮುನ್ನೂರು ವರ್ಷ ಹಿಡಿಯಿತು.

ಕರುಳಿನ ಬ್ಯಾಕ್ಟೀರಿಯಾಗಳ ವ್ಯವಸ್ಥಿತ ಅಧ್ಯಯನ ಆರಂಭವಾದದ್ದು ಮಕ್ಕಳ ವೈದ್ಯನಿಂದ. ಮ್ಯೂನಿಕ್‌ನಲ್ಲಿ ಥಿಯೊಡೋರ್ ಎಷರಿಕ್ 1885ರಲ್ಲಿ ನವಜಾತ ಶಿಶುಗಳ ಮಲವನ್ನು ಪರೀಕ್ಷಿಸಿ, ಹುಟ್ಟಿದಾಗ ಬ್ಯಾಕ್ಟೀರಿಯಾ ಕಾಣಿಸದ ಮಲದಲ್ಲಿ ಕೆಲವೇ ಗಂಟೆಗಳಲ್ಲಿ ಅವು ಕಾಣಿಸಿಕೊಳ್ಳುವುದನ್ನು ತೋರಿಸಿದ. ಇಂದು ಅವನದೇ ಹೆಸರು ಹೊತ್ತಿರುವ ಎಷರಿಕಿಯ ಕೋಲಿ ಅವನಿಗೆ ಸಿಕ್ಕಿದ್ದು ಆಗಲೇ. ಅದೇ ವರ್ಷ ಲೂಯಿ ಪಾಸ್ಟರ್ ಒಂದು ಪ್ರಶ್ನೆ ಎತ್ತಿದ. ಹುಟ್ಟಿದಂದಿನಿಂದ ಸೂಕ್ಷ್ಮಜೀವಿಗಳೇ ಸೋಕದಂತೆ ಪ್ರಾಣಿಯೊಂದನ್ನು ಸಾಕಿದರೆ ಅದು ಬದುಕೀತೆ? ಬದುಕಲಾರದೆಂಬ ಕಡೆಗೇ ಅವನ ಒಲವಿತ್ತು. ಹತ್ತು ವರ್ಷಗಳ ನಂತರ ಬರ್ಲಿನ್‌ನಲ್ಲಿ ನಟ್ಟಾಲ್ ಮತ್ತು ಥಿಯರ್‌ಫೆಲ್ಡರ್ ಗಿನಿ ಹಂದಿಯ ಮರಿಯನ್ನು ಶಸ್ತ್ರಕ್ರಿಯೆಯಿಂದ ಹೊರತೆಗೆದು, ಶುದ್ಧೀಕರಿಸಿದ ಗಾಳಿ ಮತ್ತು ಹಾಲಿನಲ್ಲಿ ಎಂಟು ದಿನ ಬದುಕಿಸಿದರು. ಪಾಸ್ಟರನ ಊಹೆ ಪೂರ್ತಿ ನಿಜವಲ್ಲವೆಂದು ಅಷ್ಟಕ್ಕೇ ಗೊತ್ತಾಯಿತು.

ಈ ನಡುವೆ ಪಾಸ್ಟರ್ ಸಂಸ್ಥೆಯಲ್ಲಿ ಇಲ್ಯಾ ಮೆಚ್ನಿಕಾಫ್ ಇನ್ನೊಂದು ದಿಕ್ಕಿನಲ್ಲಿ ಯೋಚಿಸುತ್ತಿದ್ದ. ರಕ್ತದ ಬಿಳಿಕಣಗಳು ಸೂಕ್ಷ್ಮಜೀವಿಗಳನ್ನು ನುಂಗಿ ಕರಗಿಸುವುದನ್ನು ಕಂಡುಹಿಡಿದು 1908ರ ನೊಬೆಲ್ ಬಹುಮಾನವನ್ನು ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡ ವಿಜ್ಞಾನಿ ಆತ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ವಿಷ ಉಂಟುಮಾಡಿ ಮುಪ್ಪನ್ನು ತರುತ್ತವೆಂದು ಅವನ ನಂಬಿಕೆ. ಮೊಸರಿನ ಬ್ಯಾಕ್ಟೀರಿಯಾಗಳು ಅವನ್ನು ಹತ್ತಿಕ್ಕುತ್ತವೆಂದು ಭರವಸೆ. ಊಟದ ಕೊನೆಗೆ ಮಜ್ಜಿಗೆ ಅನ್ನ ಉಣ್ಣುವ ನಮಗೆ ಮಾತಿನ ಎರಡನೆಯ ಭಾಗ ಹಿತವಾಗಿ ಕೇಳಿಸಬಹುದು. ಮೊದಲನೆಯ ಭಾಗ ಮಾತ್ರ ದುಬಾರಿಯಾಯಿತು. ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಇದೇ ಬಗೆಯ ವಿಷದ ವಾದವನ್ನು ನೆಚ್ಚಿ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ಬ್ಯಾಕ್ಟೀರಿಯಾ ಎಂದರೆ ಶತ್ರು, ರಕ್ಷಕ ಕೋಶವೆಂದರೆ ಸೈನಿಕ ಎಂಬ ಚಿತ್ರ ಅಂದು ಅಷ್ಟು ಬಲವಾಗಿತ್ತು. ಇಂದಿಗೂ ತರಗತಿಗಳಲ್ಲಿ ನಾವು ಹೇಳಿಕೊಡುವುದು ಹೆಚ್ಚುಕಡಮೆ ಅದನ್ನೇ.

ಉಕ್ಕಿನ ಪೆಟ್ಟಿಗೆಯ ಇಲಿಗಳು

ಈ ಚಿತ್ರವನ್ನು ಬದಲಿಸಿದ್ದು ಜೀವಾಣುರಹಿತ ಪ್ರಾಣಿಗಳು. ಅಮೆರಿಕದ ನಾಟರ್‌ಡೇಮ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರೇನಿಯರ್ಸ್ 1928ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ ಬೆಂಗ್ಟ್ ಗುಸ್ತಾಫ್ಸನ್ 1940ರ ದಶಕದಲ್ಲಿ ಉಕ್ಕಿನ ಮುಚ್ಚಿದ ಪೆಟ್ಟಿಗೆಗಳಲ್ಲಿ ಇಂಥ ಪ್ರಾಣಿಗಳನ್ನು ಸಾಕುವ ಯತ್ನಕ್ಕೆ ತೊಡಗಿದರು. ಮುಂದೆ ಇಲಿಗಳು ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಬೆಳೆದವು. 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಗೂಡುಗಳು ಬಂದ ಮೇಲೆ ಈ ಕೆಲಸ ಅಗ್ಗವಾಯಿತು.

ಈ ಇಲಿಗಳು ಬದುಕಿದವು, ಆದರೆ ಅವುಗಳ ಒಳಗು ವಿಚಿತ್ರವಾಗಿತ್ತು. ಕುರುಡುಕರುಳು ಬಲೂನಿನಂತೆ ಊದಿಕೊಂಡಿತ್ತು. ವಿಟಮಿನ್ ಕೆ ಹೊರಗಿನಿಂದ ಕೊಡಬೇಕಾಗಿತ್ತು. ಪೇಯರ್ ತೇಪೆಗಳು ಚಿಕ್ಕವು. ಕರುಳಿನ ದುಗ್ಧಗ್ರಂಥಿಗಳು ಸೊರಗಿದ್ದವು. 1963ರಲ್ಲಿ ಏಬ್ರಮ್ಸ್, ಬಾವರ್, ಸ್ಪ್ರಿನ್ಜ್ ಎಂಬ ಮೂವರು ಜೀವಾಣುರಹಿತ ಇಲಿಗಳ ಸಣ್ಣ ಕರುಳನ್ನು ಸಾಮಾನ್ಯ ಇಲಿಗಳದರ ಜೊತೆ ಹೋಲಿಸಿ ನೋಡಿದರು. ಜೀವಾಣುರಹಿತ ಕರುಳಿನ ವಿಲ್ಲೈಗಳು (ಆಹಾರ ಹೀರುವ ಬೆರಳಿನಂಥ ಚಾಚಿಕೆಗಳು) ತೆಳ್ಳಗೆ, ಅಂದವಾಗಿದ್ದವು. ಅವುಗಳ ತಿರುಳಿನಲ್ಲಿ ರಕ್ಷಕ ಕೋಶಗಳು ಬಲು ವಿರಳ. ಮೇಲ್ಪದರದ ಕೋಶಗಳು ಹುಟ್ಟಿ ಉದುರುವ ವೇಗವೂ ನಿಧಾನ. ನಾವು ಸಹಜವೆಂದು ಕರೆಯುವ ಕರುಳಿನಲ್ಲಿ ಸದಾ ಕಾಣುವ ಕೋಶಸಂದಣಿ ರೋಗದ ಗುರುತಲ್ಲ, ನಿವಾಸಿ ಬ್ಯಾಕ್ಟೀರಿಯಾಗಳು ಕರೆದು ನಿಲ್ಲಿಸಿದ ಪಡೆ ಎಂಬುದು ಇದರಿಂದ ಹೊರಬಿತ್ತು. ಕಾವಲಿಗೆ ಜನರನ್ನು ನೇಮಿಸಿದ್ದು ಯಾರ ಮೇಲೆ ಕಾವಲಿಡಬೇಕೋ ಅವರೇ!

ಆ ಪಡೆಯ ಕೆಲಸವೇನು ಎಂಬುದು ಹೆಚ್ಚುಕಡಮೆ ಅದೇ ಕಾಲದಲ್ಲಿ ಬೇರೆಡೆಯಿಂದ ತಿಳಿಯಿತು. ಆಮಶಂಕೆ ರೋಗಿಗಳ ಮಲದಲ್ಲಿ ಪ್ರತಿಕಾಯಗಳಿರುವುದನ್ನೂ ಅವು ರಕ್ತದಲ್ಲಿ ಕಾಣಿಸುವ ಮೊದಲೇ ಅಲ್ಲಿ ಕಾಣಿಸುವುದನ್ನೂ ಡೇವೀಸ್ ಎಂಬಾತ 1922ರಲ್ಲೇ ವರದಿ ಮಾಡಿದ್ದ. ಪಾಸ್ಟರ್ ಸಂಸ್ಥೆಯ ಬೆಸ್ರೆಡ್ಕ ಕರುಳಿಗೆ ಅದರದೇ ಸ್ಥಳೀಯ ರೋಗರಕ್ಷೆ ಇದೆ ಎಂದು ವಾದಿಸುತ್ತಿದ್ದ. ಹೆಚ್ಚಿನವರು ಕಿವಿಗೊಡಲಿಲ್ಲ. 1959ರಲ್ಲಿ ಬೆಲ್ಜಿಯಮ್ಮಿನ ಜೋಸೆಫ್ ಹೆರೆಮಾನ್ಸ್ ರಕ್ತದಲ್ಲಿ ಐಜಿಎ ಎಂಬ ಪ್ರತಿಕಾಯ ವರ್ಗವನ್ನು ಬೇರ್ಪಡಿಸಿದ. 1963ರಿಂದ 1965ರ ನಡುವೆ ಅಮೆರಿಕದ ಥಾಮಸ್ ಟೊಮಾಸಿ ಮತ್ತು ಸಂಗಡಿಗರು ಜೊಲ್ಲು, ಗಿಣ್ಣುಹಾಲು, ಕಣ್ಣೀರುಗಳಂಥ ಸ್ರಾವಗಳಲ್ಲಿ ಪ್ರಧಾನವಾಗಿರುವುದು ಈ ಐಜಿಎ ಎಂದೂ ಅದರ ರಚನೆ ರಕ್ತದಲ್ಲಿರುವುದಕ್ಕಿಂತ ಬೇರೆಯೆಂದೂ ತೋರಿಸಿದರು. ಅದನ್ನು ತಯಾರಿಸುವ ಪ್ಲಾಸ್ಮಾ ಕೋಶಗಳ ದೊಡ್ಡ ಬೀಡು ಕರುಳಿನ ಗೋಡೆ ಎಂದು ಹೆರೆಮಾನ್ಸರ ಶಿಷ್ಯ ಕ್ರಾಬೆ ಪತ್ತೆ ಮಾಡಿದರು. ವಯಸ್ಕರ ಕರುಳಿಗೆ ದಿನವೊಂದಕ್ಕೆ ಹಲವು ಗ್ರಾಂ ಐಜಿಎ ಸ್ರವಿಸುತ್ತದೆ. ದೇಹ ತಯಾರಿಸುವ ಮಿಕ್ಕ ಎಲ್ಲ ಪ್ರತಿಕಾಯಗಳನ್ನು ಒಟ್ಟು ಸೇರಿಸಿದರೂ ಇಷ್ಟಾಗುವುದಿಲ್ಲ. 1968ರಲ್ಲಿ ಅದೇ ಗುಂಪು ಜೀವಾಣುರಹಿತ ಇಲಿಗಳ ಕರುಳನ್ನು ನೋಡಿತು. ಐಜಿಎ ಕೋಶಗಳು ಅಲ್ಲಿ ಬೆರಳೆಣಿಕೆಯಷ್ಟು. ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು ಬಿಟ್ಟ ಕೆಲವು ವಾರಗಳಲ್ಲಿ ಕೋಶಗಳು ತುಂಬಿಕೊಂಡವು.

ಪೇಯರನ ತೇಪೆಗಳಿಗೂ ಆಗಲೇ ಅರ್ಥ ಬಂತು. 1971ರಲ್ಲಿ ಕ್ರೇಗ್ ಮತ್ತು ಸೆಬ್ರ ಮೊಲಗಳಲ್ಲಿ ಐಜಿಎ ಕೋಶಗಳ ಪೂರ್ವಜರು ಈ ತೇಪೆಗಳಲ್ಲಿ ತರಬೇತಾಗಿ ಕರುಳಿನ ಉದ್ದಕ್ಕೂ ಹರಡುತ್ತಾರೆಂದು ತೋರಿಸಿದರು. 1974ರಲ್ಲಿ ಓವನ್ ಮತ್ತು ಜೋನ್ಸ್ ಮಾನವ ಕರುಳಿನ ತೇಪೆಗಳ ಮೇಲೆ ಒಂದು ಬಗೆಯ ವಿಶಿಷ್ಟ ಕೋಶಗಳನ್ನು ವಿವರಿಸಿದರು. ಎಂ ಕೋಶಗಳೆನ್ನುವ ಇವು ಕರುಳಿನಲ್ಲಿ ಹಾದುಹೋಗುವ ಕಣಗಳನ್ನೂ ಸೂಕ್ಷ್ಮಜೀವಿಗಳನ್ನೂ ಸ್ವಲ್ಪ ಸ್ವಲ್ಪವೇ ಒಳಗೆ ಸೆಳೆದು ಕೆಳಗಿನ ರಕ್ಷಕ ಕೋಶಗಳ ಮುಂದಿಡುತ್ತವೆ. ಸುಂಕದ ಕಟ್ಟೆಯಲ್ಲಿ ಮೂಟೆ ಬಿಚ್ಚಿ ಮಾದರಿ ನೋಡುವಂತೆ ಎನ್ನಬಹುದು.

ಸಹಜ ಕರುಳು ಎಂದರೆ ಯಾರದು?

ಇಲ್ಲಿ ನಾವು ದಕ್ಷಿಣ ಭಾರತಕ್ಕೆ ಬರಬೇಕು. 1957ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನ ಸಂಸ್ಥೆಯ ವಿಲಿಯಂ ಕ್ರಾಸ್ಬಿ ಮತ್ತು ಕುಗ್ಲರ್ ತೆಳು ಕೊಳವೆಗೆ ಜೋಡಿಸಿದ ಗುಳಿಗೆಯಂಥ ಸಾಧನವೊಂದನ್ನು ಮಾಡಿದರು. ರೋಗಿ ಅದನ್ನು ನುಂಗಿದರೆ ಸಣ್ಣ ಕರುಳಿನಲ್ಲಿ ಅದರ ಪುಟ್ಟ ಕತ್ತಿ ಗೋಡೆಯ ಚೂರೊಂದನ್ನು ಕತ್ತರಿಸಿಕೊಳ್ಳುತ್ತಿತ್ತು. ಜೀವಂತ ಮನುಷ್ಯರ ಕರುಳಿನ ಗೋಡೆಯನ್ನು ಶಸ್ತ್ರಕ್ರಿಯೆಯಿಲ್ಲದೆ ಸೂಕ್ಷ್ಮದರ್ಶಕದಡಿ ನೋಡುವುದು ಇದರಿಂದ ಸುಲಭವಾಯಿತು.

ಕೋಲಾರ ಜಿಲ್ಲೆಯ ಗಡಿಯಿಂದ ಹೆಚ್ಚು ದೂರವಿಲ್ಲದ, ಕರ್ನಾಟಕದ ರೋಗಿಗಳಿಗೂ ಪರಿಚಿತವಾದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಎಸ್.ಜೆ. ಬೇಕರ್ ಮತ್ತು ವಿ.ಐ. ಮಾಥನ್ ಆಗ ಸ್ಪ್ರೂ ಎಂಬ ಕಾಯಿಲೆಯ ಬೆನ್ನು ಹತ್ತಿದ್ದರು. ತಿಂಗಳುಗಟ್ಟಲೆ ಭೇದಿ, ಜಿಡ್ಡು ಅರಗದಿರುವುದು, ರಕ್ತಹೀನತೆ ಇದರ ಲಕ್ಷಣ. 1960ರ ದಶಕದ ಆರಂಭದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಅದು ಸಾಂಕ್ರಾಮಿಕದಂತೆಯೂ ಬಂದಿತ್ತು. ರೋಗಿಗಳ ಕರುಳು ಕೆಟ್ಟಿದೆ ಎನ್ನಬೇಕಾದರೆ ಆರೋಗ್ಯವಂತರ ಕರುಳು ಹೇಗಿರುತ್ತದೆಂದು ಗೊತ್ತಿರಬೇಕಷ್ಟೆ? ಯಾವ ದೂರೂ ಇಲ್ಲದ ಸ್ಥಳೀಯರ ಕರುಳನ್ನೂ ಅವರು ನೋಡಿದರು. ಪಾಶ್ಚಾತ್ಯ ಪುಸ್ತಕಗಳ ಚಿತ್ರದಲ್ಲಿದ್ದ ಉದ್ದನೆಯ, ಬೆರಳಿನಂಥ ವಿಲ್ಲೈಗಳು ಇಲ್ಲಿ ವಿರಳ. ಹೆಚ್ಚಿನವು ಅಗಲವಾಗಿ ಎಲೆಯ ಆಕಾರದಲ್ಲಿದ್ದವು, ಗಿಡ್ಡವಾಗಿದ್ದವು, ತಿರುಳಿನಲ್ಲಿ ರಕ್ಷಕ ಕೋಶಗಳು ಕಿಕ್ಕಿರಿದಿದ್ದವು. ಪುಸ್ತಕದ ಪ್ರಕಾರ ಇವರೆಲ್ಲ ರೋಗಿಗಳು. ವಾಸ್ತವದಲ್ಲಿ ದಿನವಿಡೀ ದುಡಿಯುವ ಆರೋಗ್ಯವಂತರು.

ಇದು ಜನಾಂಗದ ಗುಣವೆ? ಅಲ್ಲವೆನ್ನಲು ಎರಡು ಬಗೆಯ ಸಾಕ್ಷ್ಯ ಸಿಕ್ಕಿತು. ವೆಲ್ಲೂರಿನಲ್ಲೇ ಮರಣೋತ್ತರ ಪರೀಕ್ಷೆಗಳಿಂದ, ಗರ್ಭಸ್ಥ ಶಿಶುಗಳ ವಿಲ್ಲೈಗಳು ಎಲ್ಲೆಡೆಯಂತೆ ಬೆರಳಿನಾಕಾರದವೇ, ಹುಟ್ಟಿದ ಮೇಲೆ ಅವು ಬದಲಾಗುತ್ತವೆ ಎಂದು 1969ರ ಹೊತ್ತಿಗೆ ತಿಳಿದಿತ್ತು. ಇನ್ನೊಂದು ಸಾಕ್ಷ್ಯ ಅಮೆರಿಕನ್ನರದು. ಅಂದಿನ ಪಾಕಿಸ್ತಾನಕ್ಕೆ ಸೇವೆಗೆಂದು ಬಂದ ಪೀಸ್ ಕೋರ್ ತರುಣರ ಕರುಳನ್ನು ಲಿಂಡನ್‌ಬಾಮ್, ಕೆಂಟ್, ಸ್ಪ್ರಿನ್ಜ್ 1966ರಲ್ಲಿ ವರದಿ ಮಾಡಿದರು. ಇಲ್ಲಿ ಬಂದು ನೆಲೆಸಿದ ತರುವಾಯ ಅವರ ವಿಲ್ಲೈಗಳೂ ಗಿಡ್ಡವಾಗಿ ಕೋಶಗಳಿಂದ ತುಂಬಿಕೊಂಡಿದ್ದವು. ತಾಯ್ನಾಡಿಗೆ ಮರಳಿದ ಮೇಲೆ ನಿಧಾನವಾಗಿ ಮೊದಲಿನಂತಾದವು.

ಈ ವರದಿಯ ಮೂರನೆಯ ಹೆಸರನ್ನು ಓದುಗರು ಗಮನಿಸಿರಬಹುದು. ಹೆಲ್ಮತ್ ಸ್ಪ್ರಿನ್ಜ್ ವಾಲ್ಟರ್ ರೀಡ್ ಸಂಸ್ಥೆಯ ರೋಗವಿಜ್ಞಾನಿ. ಜೀವಾಣುರಹಿತ ಇಲಿಗಳ ಕರುಳನ್ನು ನೋಡಿದವರಲ್ಲೂ ಆತನಿದ್ದ; 1962ರಲ್ಲಿ ಥಾಯ್ಲೆಂಡಿನ ಆರೋಗ್ಯವಂತರ ಕರುಳನ್ನು ನೋಡಿದವರಲ್ಲೂ ಇದ್ದ. ಒಂದೇ ಕಣ್ಣು ಮೂರು ಕರುಳುಗಳನ್ನು ಕಂಡಿತ್ತು: ಬ್ಯಾಕ್ಟೀರಿಯಾ ಇಲ್ಲದ್ದು, ಸ್ವಚ್ಛ ನಗರದ್ದು, ಉಷ್ಣವಲಯದ್ದು. ಇವು ಬೇರೆ ಬೇರೆ ಜಾತಿಗಳಲ್ಲ, ಒಂದೇ ಅಳತೆಗೋಲಿನ ಮೂರು ಗುರುತುಗಳು. ಗೋಡೆಯನ್ನು ತಟ್ಟುವ ಸೂಕ್ಷ್ಮಜೀವಿಗಳ ಪ್ರಮಾಣಕ್ಕೆ ತಕ್ಕಂತೆ ಗೋಡೆ ರೂಪ ತಾಳುತ್ತದೆ. ಈ ಕ್ಷೇತ್ರದ ಚರಿತ್ರೆಯನ್ನು ಬರೆಯುವವರು ಐಜಿಎಗೆ ಕೊಡುವಷ್ಟು ಪುಟಗಳನ್ನು ಈ ಹೋಲಿಕೆಗೆ ಕೊಡುವುದಿಲ್ಲ. ನನಗೇನೋ ಇದೇ ಹೆಚ್ಚು ಮುಖ್ಯವೆನಿಸುತ್ತದೆ.

ಹನಿ ಫಲಿಸದ ಮಕ್ಕಳು

ಕರುಳಿನ ರೂಪ ಬೇರೆಯಾದರೆ ಏನಾದೀತು? ಉತ್ತರ ಪೋಲಿಯೊ ಹನಿಯಿಂದ ಬಂತು. ಅದೇ ವೆಲ್ಲೂರಿನಲ್ಲಿ ಟಿ. ಜೇಕಬ್ ಜಾನ್ 1972ರಲ್ಲಿ, ಪಾಶ್ಚಾತ್ಯ ದೇಶಗಳಲ್ಲಿ ಮೂರು ಸರದಿಗೆ ಬರುವಷ್ಟು ಪ್ರತಿಕಾಯ ನಮ್ಮ ಮಕ್ಕಳಲ್ಲಿ ಬರುತ್ತಿಲ್ಲವೆಂದು ವರದಿ ಮಾಡಿದರು. ಕರುಳಿನಲ್ಲಿ ಮೊದಲೇ ಇರುವ ಬೇರೆ ವೈರಸ್ಸುಗಳು ಅಡ್ಡಿಮಾಡುತ್ತಿರಬೇಕೆಂಬ ಸುಲಭದ ವಿವರಣೆಯನ್ನೂ ಅವರ ಅಂಕಿಅಂಶಗಳು ಒಪ್ಪಲಿಲ್ಲ. ಮೂವತ್ತು ವರ್ಷಗಳ ಮೇಲೆ ಪೋಲಿಯೊ ನಿರ್ಮೂಲನದ ಕೊನೆಯ ಹಂತದಲ್ಲಿ ಇದು ದೊಡ್ಡ ಸಮಸ್ಯೆಯಾಯಿತು. 2006ರಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ, ಒಂದು ಸರದಿ ಹನಿ ಒಂದನೆಯ ಬಗೆಯ ಪೋಲಿಯೊ ವಿರುದ್ಧ ಉತ್ತರಪ್ರದೇಶದಲ್ಲಿ ಶೇಕಡ 9ರಷ್ಟು, ದೇಶದ ಇತರೆಡೆ ಶೇಕಡ 21ರಷ್ಟು ಫಲಿಸುತ್ತಿತ್ತು. ಮನೆ ಮನೆಗೆ ಹೋಗಿ ಮತ್ತೆ ಮತ್ತೆ ಹನಿ ಹಾಕಿದ ಶ್ರಮದಿಂದ ಇದನ್ನು ಮೀರಿದೆವು. ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಬಂದದ್ದು 2014ರ ಮಾರ್ಚ್‌ನಲ್ಲಿ.

ಬೆಂಗಳೂರಿನ ಐ321

ರೋಟಾವೈರಸ್ಸಿನ ಕಥೆ ಇನ್ನೂ ಸ್ವಾರಸ್ಯದ್ದು. 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಕರುಳಿನ ಚೂರುಗಳಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ, ಗಾಲಿಯಾಕಾರದ ಈ ವೈರಸ್ಸನ್ನು ಕಂಡರು. ಹತ್ತು ವರ್ಷಗಳ ನಂತರ ಅವರೇ ಇನ್ನೊಂದು ಸಂಗತಿ ಹೇಳಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಆಸ್ಪತ್ರೆಯ ಶಿಶುವಿಭಾಗದಲ್ಲೇ ಈ ಸೋಂಕು ತಗುಲಿ, ರೋಗಲಕ್ಷಣವಿಲ್ಲದೆ ಪಾರಾದ ಶಿಶುಗಳಿಗೆ ಮುಂದೆ ಸೋಂಕು ಬಂದರೂ ತೀವ್ರ ಭೇದಿ ಆಗುತ್ತಿರಲಿಲ್ಲ. ಅಂದರೆ ಪ್ರಕೃತಿಯೇ ಲಸಿಕೆ ಹಾಕಿದಂತೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾರಾವ್ ಅವರ ಪ್ರಯೋಗಾಲಯ ನಗರದ ವೈದ್ಯರ ಜೊತೆ ಸೇರಿ 1988ರಿಂದ ಮಕ್ಕಳ ಮಲದ ಮಾದರಿಗಳನ್ನು ಪರೀಕ್ಷಿಸತೊಡಗಿತು. ನಗರದ ನವಜಾತ ಶಿಶುಗಳಲ್ಲಿ ಲಕ್ಷಣವೇ ಇಲ್ಲದೆ ಹರಡುತ್ತಿದ್ದ ಒಂದು ತಳಿ ಸಿಕ್ಕಿತು. ಅದಕ್ಕೆ ಐ321 ಎಂದು ಹೆಸರಿಟ್ಟರು. 1992 ಮತ್ತು 1993ರಲ್ಲಿ ಅದರ ವಿವರಗಳು ಪ್ರಕಟವಾದವು. ರೋಟಾವೈರಸ್ಸಿನ ಆರ್‌ಎನ್‌ಎ 11 ತುಂಡುಗಳಲ್ಲಿರುತ್ತದೆ. ಐ321ರ 11 ತುಂಡುಗಳ ಪೈಕಿ 9 ದನಗಳ ರೋಟಾವೈರಸ್ಸಿನವು, 2 ಮಾತ್ರ ಮನುಷ್ಯರ ತಳಿಯವು! ಭೇದಿಯಾದ ಕರುಗಳಲ್ಲಿ ಹುಡುಕಿದಾಗ ಹೋಲುವ ತಳಿಗಳು ಸಿಕ್ಕವು. ಕೊಟ್ಟಿಗೆಯೂ ಮನೆಯೂ ಒಂದೇ ಸೂರಿನಡಿ ಇರುವ ದೇಶದಲ್ಲಿ ಎರಡು ವೈರಸ್ಸುಗಳು ಎಲ್ಲೋ ಒಂದು ಕರುಳಿನಲ್ಲಿ ಸಂಧಿಸಿ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು.

1988ರಿಂದ 1999ರವರೆಗೆ ಬೆಂಗಳೂರಿನ ಆಸ್ಪತ್ರೆಗಳಿಗೆ ರೋಟಾವೈರಸ್ ಭೇದಿಯಿಂದ ದಾಖಲಾಗುವ ಮಕ್ಕಳು ಕಡಮೆಯಾಗುತ್ತ ಬಂದರು. ಇದರಲ್ಲಿ ಐ321ರ ಪಾತ್ರ ಇರಬಹುದೆಂದು ಈ ಗುಂಪು 2004ರಲ್ಲಿ ಸೂಚಿಸಿತು. ‘ಇರಬಹುದು’ ಎಂಬುದನ್ನು ಅವರು ಪ್ರಬಂಧದ ಶೀರ್ಷಿಕೆಯಲ್ಲೇ ಇಟ್ಟದ್ದು ಮೆಚ್ಚತಕ್ಕ ಎಚ್ಚರಿಕೆ.

ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಎಂ.ಕೆ. ಭಾನ್ ಮತ್ತು ಸಂಗಡಿಗರಿಗೆ ಅಲ್ಲಿನ ಶಿಶುಗಳಲ್ಲಿ 116ಇ ಎಂಬ ಇನ್ನೊಂದು ತಳಿ ಸಿಕ್ಕಿತ್ತು. ಅದು ಮುಖ್ಯವಾಗಿ ಮನುಷ್ಯರ ತಳಿ, ದನದ ತುಂಡು ಒಂದೇ. ಎರಡನ್ನೂ ಲಸಿಕೆಯಾಗಿ ರೂಪಿಸಿ ದೆಹಲಿಯ ಶಿಶುಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಬಂತು. ಒಂದು ಸರದಿ 116ಇ ಪಡೆದವರಲ್ಲಿ ಹೆಚ್ಚುಕಡಮೆ ನಾಲ್ವರಲ್ಲಿ ಮೂವರಿಗೆ ರೋಗರಕ್ಷಾ ಪ್ರತಿಕ್ರಿಯೆ ಕಂಡಿತು. ಐ321 ಪಡೆದವರಲ್ಲಿ ಐವರಲ್ಲಿ ಇಬ್ಬರಿಗೆ. ಬೆಂಗಳೂರಿನ ತಳಿ ಅಲ್ಲಿಗೆ ಹಿಂದೆ ಸರಿಯಿತು. 116ಇ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯಲ್ಲಿ ರೋಟಾವ್ಯಾಕ್ ಆಯಿತು. ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ನಡೆದ ಪರೀಕ್ಷೆಯಲ್ಲಿ ಅದು ಮೊದಲ ವರ್ಷ ತೀವ್ರ ಭೇದಿಯಿಂದ ಶೇಕಡ 56ರಷ್ಟು ರಕ್ಷಣೆ ನೀಡಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ರೋಟಾವೈರಸ್ ಲಸಿಕಾ ಕಾರ್ಯಕ್ರಮ 2019ರ ಹೊತ್ತಿಗೆ ಎಲ್ಲ ರಾಜ್ಯಗಳನ್ನು ತಲುಪಿತು. ಶೇಕಡ 56 ಕಡಮೆಯೆನಿಸಬಹುದು. ಆದರೆ ಭೇದಿಯಿಂದ ಅಷ್ಟು ಮಕ್ಕಳು ಸಾಯುವ ದೇಶದಲ್ಲಿ ಅದು ಸಾವಿರಾರು ಜೀವಗಳ ಲೆಕ್ಕ.

ನಿವಾಸಿಗಳ ಜೊತೆ ಒಪ್ಪಂದ

ಈ ನಡುವೆ ಗೋಡೆಯ ಒಳಗಿನ ಕೆಲಸ ಹೆಚ್ಚು ಸ್ಪಷ್ಟವಾಗಿತ್ತು. ಮೊದಲು ಎರಡು ಅಂಕಿಗಳನ್ನು ತಿದ್ದಿಕೊಳ್ಳೋಣ. ನಮ್ಮ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾಗಳು ಹತ್ತು ಪಟ್ಟು ಹೆಚ್ಚು ಎಂಬ ಮಾತು 1970ರ ದಶಕದ ಒರಟು ಅಂದಾಜು. 2016ರ ಲೆಕ್ಕದಂತೆ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ, ನಮ್ಮ ಕೋಶಗಳು ಸುಮಾರು 30 ಲಕ್ಷ ಕೋಟಿ. ಕರುಳಿನ ಒಳಮೈ ಟೆನಿಸ್ ಅಂಗಳದಷ್ಟು ಎಂಬುದೂ ಉತ್ಪ್ರೇಕ್ಷೆ; 2014ರ ಅಳತೆಯಲ್ಲಿ ಅದು ಸುಮಾರು 32 ಚದರ ಮೀಟರ್, ಬ್ಯಾಡ್ಮಿಂಟನ್ ಅಂಗಳದ ಅರ್ಧಕ್ಕೂ ಕಡಮೆ.

ಇಷ್ಟು ಜನಸಂದಣಿಯ ಬದಿಯಲ್ಲಿ ಒಂದೇ ಕೋಶದಷ್ಟು ದಪ್ಪದ ಗೋಡೆ ಶಾಂತವಾಗಿರುವುದು ಹೇಗೆ? ಮೊದಲನೆಯದು ಅಂತರ. ದೊಡ್ಡ ಕರುಳಿನ ಲೋಳೆ ಎರಡು ಪದರದ್ದು, ಹೊರಪದರದಲ್ಲಿ ಬ್ಯಾಕ್ಟೀರಿಯಾಗಳು ತುಂಬಿದ್ದರೂ ಗೋಡೆಗೆ ಅಂಟಿದ ಒಳಪದರ ಬಹುಮಟ್ಟಿಗೆ ನಿರ್ಜನ ಎಂದು 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ತೋರಿಸಿದರು. ಎರಡನೆಯದು ಸೀಮೆ. ಗೋಡೆಯನ್ನು ದಾಟಿದ ಕೆಲವು ಬ್ಯಾಕ್ಟೀರಿಯಾಗಳನ್ನು ಡೆಂಡ್ರೈಟಿಕ್ ಕೋಶಗಳು ಜೀವಂತವಾಗಿಯೇ ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಅಲ್ಲಿ ಐಜಿಎ ತಯಾರಿಗೆ ಪ್ರಚೋದಿಸುತ್ತವೆ. ಗುಲ್ಮದ ಕಡೆಗೆ ಮುಂದೆ ಬಿಡುವುದಿಲ್ಲ. 2004ರಲ್ಲಿ ಮ್ಯಾಕ್‌ಫರ್ಸನ್ ಮತ್ತು ಊರ್ ಇದನ್ನು ಕಂಡರು. ಊರಿನ ತಂಟೆ ಊರಲ್ಲೇ ತೀರುತ್ತದೆ, ಜಿಲ್ಲಾ ಕಚೇರಿಗೆ ಹೋಗುವುದಿಲ್ಲ.

ಮೂರನೆಯದು ಸಂಯಮ, ಇದೇ ಎಲ್ಲಕ್ಕಿಂತ ಸೂಕ್ಷ್ಮ. 1993ರಲ್ಲಿ ಜರ್ಮನಿಯಲ್ಲಿ ಐಎಲ್-10 ಎಂಬ ಸಂದೇಶ ಪ್ರೋಟೀನು ಇಲ್ಲದ ಇಲಿಗಳನ್ನು ರೂಪಿಸಿದಾಗ ಅವುಗಳ ಕರುಳಿನಲ್ಲಿ ತಾನಾಗಿ ಉರಿಯೂತ ಶುರುವಾಯಿತು. ಅದೇ ಇಲಿಗಳನ್ನು ಜೀವಾಣುರಹಿತವಾಗಿ ಬೆಳೆಸಿದಾಗ ಉರಿಯೂತ ಬರಲಿಲ್ಲ. ರೋಗಕ್ಕೆ ರೋಗಾಣು ಬೇಕಾಗಿರಲಿಲ್ಲ. ನಿರುಪದ್ರವಿ ನಿವಾಸಿಗಳೂ ತಡೆ ತಪ್ಪಿದ ರಕ್ಷಕರೂ ಸೇರಿದರೆ ಸಾಕಿತ್ತು. ಆ ತಡೆಯನ್ನು ಹಾಕುವವರಲ್ಲಿ ಮುಖ್ಯವಾದವು ನಿಯಂತ್ರಕ ಟಿ ಕೋಶಗಳು. 1995ರಲ್ಲಿ ಜಪಾನಿನ ಶಿಮೋನ್ ಸಕಗುಚಿ ಇವನ್ನು ಗುರುತಿಸಿದರು. ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಇವಕ್ಕೆ ಅಗತ್ಯವಾದ ಜೀನ್ ಪತ್ತೆ ಮಾಡಿದರು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಸಂದಿತು. ದೊಡ್ಡ ಕರುಳಿನಲ್ಲಿ ಈ ಕೋಶಗಳನ್ನು ಹೆಚ್ಚಿಸುವವು ಕೆಲವು ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳು ಎಂದು 2011ರಲ್ಲಿ ಕೆನ್ಯ ಹೊಂಡಾ ಗುಂಪು ತೋರಿಸಿತು. ನಾರನ್ನು ಹುದುಗಿಸಿ ಅವು ಬಿಡುವ ಬ್ಯುಟಿರೇಟ್ ಆಮ್ಲವೇ ಸಂದೇಶದ ಒಂದು ಭಾಗವೆಂದು 2013ರಲ್ಲಿ ತಿಳಿಯಿತು. ತದ್ವಿರುದ್ಧವಾಗಿ, ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಬೆಳೆಯುವ ಒಂದು ಎಳೆಯಾಕಾರದ ಬ್ಯಾಕ್ಟೀರಿಯಾ ಇಲಿಗಳಲ್ಲಿ ಟಿಎಚ್17 ಎಂಬ ಚುರುಕು ಕೋಶಗಳನ್ನು ಎಬ್ಬಿಸುತ್ತದೆ (2009). ಐಜಿಎ ಕೂಡ ಬರಿ ಹೊರದಬ್ಬುವ ಪ್ರತಿಕಾಯವಲ್ಲ. ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಎಂಬ ನಿವಾಸಿ ಅದನ್ನೇ ಆಧಾರವಾಗಿಸಿಕೊಂಡು ಗೋಡೆಯ ಬಳಿ ನೆಲೆಯೂರುತ್ತದೆ ಎಂದು 2018ರಲ್ಲಿ ಗೊತ್ತಾಯಿತು.

ಮರಳಿ ವೆಲ್ಲೂರಿಗೆ

ಹಾಗಾದರೆ ಹನಿ ಹಾಕುವ ಮೊದಲು ಬ್ಯಾಕ್ಟೀರಿಯಾಗಳನ್ನು ತಗ್ಗಿಸಿದರೆ? 2011ರಲ್ಲಿ ಜೂಲಿ ಫೈಫರ್ ಗುಂಪು, ಪ್ರತಿಜೀವಕ ಕೊಟ್ಟ ಇಲಿಗಳಲ್ಲಿ ಪೋಲಿಯೊ ವೈರಸ್ ಸರಿಯಾಗಿ ಬೆಳೆಯುವುದೇ ಇಲ್ಲವೆಂದು ಕಂಡಿತ್ತು. ವೈರಸ್ ಬ್ಯಾಕ್ಟೀರಿಯಾದ ಮೇಲ್ಮೈಗೆ ಅಂಟಿ ಅದರ ನೆರವು ಪಡೆಯುತ್ತದೆ. ರೋಟಾವೈರಸ್ಸಿನಲ್ಲಿ 2019ರಲ್ಲಿ ಮೇಲೆ ಹೇಳಿದ ಎಳೆಯಾಕಾರದ ಬ್ಯಾಕ್ಟೀರಿಯಾ ಇಲಿಗಳನ್ನು ಸೋಂಕಿನಿಂದ ಕಾಪಾಡಿತು, ಅದೂ ರಕ್ಷಕ ಕೋಶಗಳ ನೆರವಿಲ್ಲದೆ. ಒಂದು ನಿವಾಸಿ ವೈರಸ್ಸಿಗೆ ನೆಂಟ, ಇನ್ನೊಂದು ವೈರಿ.

ವೆಲ್ಲೂರಿನಲ್ಲಿ 6ರಿಂದ 11 ತಿಂಗಳ 700ಕ್ಕೂ ಹೆಚ್ಚು ಶಿಶುಗಳಿಗೆ ಪೋಲಿಯೊ ಹನಿಗೆ ಮುನ್ನ ಮೂರು ದಿನ ಅಜಿತ್ರೋಮೈಸಿನ್ ಅಥವಾ ಹುಸಿಮದ್ದು ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಔಷಧದಿಂದ ರೋಗಕಾರಕ ಬ್ಯಾಕ್ಟೀರಿಯಾಗಳು ಕಡಮೆಯಾದವು, ಉರಿಯೂತದ ಗುರುತುಗಳೂ ಇಳಿದವು. ಲಸಿಕೆ ಮಾತ್ರ ಎರಡೂ ಗುಂಪುಗಳಲ್ಲಿ ಅರ್ಧದಷ್ಟು ಶಿಶುಗಳಿಗೇ ಫಲಿಸಿತು. ಹೊತ್ತು ಮೀರಿತ್ತೇನೋ. 2021ರಲ್ಲಿ ವೆಲ್ಲೂರು, ಮಲಾವಿ, ಇಂಗ್ಲೆಂಡ್‌ಗಳ ಶಿಶುಗಳನ್ನು ಹೋಲಿಸಿದ ಅಧ್ಯಯನ ಹುಟ್ಟಿನ ಮೊದಲ ವಾರಗಳ ಕಡೆ ಬೆರಳು ತೋರಿಸಿತು. ಆ ಎಳೆ ವಯಸ್ಸಿನಲ್ಲೇ ಬಗೆಬಗೆಯ ಬ್ಯಾಕ್ಟೀರಿಯಾಗಳು ನೆಲೆಸಿದ ಶಿಶುಗಳಲ್ಲಿ, ತಾಯಿಯಿಂದ ಹೆಚ್ಚು ಪ್ರತಿಕಾಯ ಪಡೆದವರಲ್ಲಿ ರೋಟಾ ಲಸಿಕೆಯ ಪ್ರತಿಕ್ರಿಯೆ ಕಡಮೆ.

ಸದ್ಯಕ್ಕೆ ಫಲ ಕೊಟ್ಟಿರುವ ಉಪಾಯ ಬೇರೆಯದು. 2014ರಲ್ಲಿ ಪ್ರಕಟವಾದ ವೆಲ್ಲೂರಿನ ಅಧ್ಯಯನವೊಂದರಲ್ಲಿ, ಹಲವು ಸಲ ಹನಿ ಪಡೆದಿದ್ದ 1ರಿಂದ 4 ವರ್ಷದ ಮಕ್ಕಳಿಗೆ ನಿರ್ಜೀವ ಪೋಲಿಯೊ ಲಸಿಕೆಯ ಒಂದು ಚುಚ್ಚುಮದ್ದು ಕೊಟ್ಟರು. ನಂತರ ಹನಿ ಹಾಕಿ ಮಲವನ್ನು ಪರೀಕ್ಷಿಸಿದಾಗ, ಮೂರನೆಯ ಬಗೆಯ ವೈರಸ್ ಹೊರಬಿಡುತ್ತಿದ್ದವರು ಚುಚ್ಚುಮದ್ದು ಪಡೆದವರಲ್ಲಿ ಶೇಕಡ 8, ಪಡೆಯದವರಲ್ಲಿ ಶೇಕಡ 26. ಸ್ನಾಯುವಿಗೆ ಚುಚ್ಚಿದ ಮದ್ದು ಕರುಳಿನ ಕಾವಲನ್ನು ಬಲಪಡಿಸಿತ್ತು. ಹನಿಯನ್ನೇ ಕಾಣದ ಮಕ್ಕಳಲ್ಲಿ ಬರಿ ಚುಚ್ಚುಮದ್ದಿನಿಂದ ಇದು ಆಗುವುದಿಲ್ಲ. ಮೊದಲು ಕರುಳಿನಲ್ಲಿ ತರಬೇತಾಗಿ ನೆನಪಿಟ್ಟುಕೊಂಡ ಕೋಶಗಳು ಇರಬೇಕು; ಚುಚ್ಚುಮದ್ದು ಅವನ್ನು ಮತ್ತೆ ಕರೆಯುತ್ತದೆ. ನಮ್ಮ ಕಾರ್ಯಕ್ರಮಕ್ಕೆ ಈ ಲಸಿಕೆ 2015ರ ನವೆಂಬರಿನಲ್ಲಿ ಸೇರಿತು. ಈಗ ಆರನೆಯ ವಾರ, ಹದಿನಾಲ್ಕನೆಯ ವಾರ, ಮತ್ತು 2023ರಿಂದ ಒಂಬತ್ತನೆಯ ತಿಂಗಳಿನಲ್ಲಿಯೂ, ಕಡಮೆ ಪ್ರಮಾಣದಲ್ಲಿ, ಅದನ್ನು ತೋಳಿನ ಚರ್ಮದೊಳಗೆ ಕೊಡಲಾಗುತ್ತದೆ. ಬಾಯಿಗೆ ಬೀಳುವ ಹನಿ ಹಾಗೆಯೇ ಮುಂದುವರಿದಿದೆ.